ಮಣ್ಣಿಗೆ ಕೊಟ್ಟ ಗಡ್ಡೆ

ನಮ್ಮ ಪ್ರಯೋಗಾಲಯದಲ್ಲಿ ಒಂದು ಪ್ರೆಶರ್ ಕುಕ್ಕರ್ ಇದೆ. ಬೀದರಿನ ಪಾತ್ರೆ ಅಂಗಡಿಯಿಂದ ತಂದದ್ದು, ಮನೆಯಲ್ಲಿ ಬೇಳೆ ಬೇಯಿಸುವಂಥದ್ದೇ. ಹೊಸದಾಗಿ ಬಂದವರು ಅದನ್ನು ನೋಡಿ ನಾವು ಮಧ್ಯಾಹ್ನ ಇಲ್ಲೇ ಅನ್ನ ಮಾಡಿಕೊಳ್ಳುತ್ತೇವೆ ಎಂದುಕೊಳ್ಳುತ್ತಾರೆ. ನಾವು ಅದರಲ್ಲಿ ಬೇಯಿಸುವುದು ಗಾಜಿನ ಪಟ್ಟಿಗಳನ್ನು. ಪಟ್ಟಿಯ ಮೇಲೆ ಯಾರದೋ ಮೊಲೆಯ, ಯಾರದೋ ಕರುಳಿನ ಚೂರು, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದದ್ದು, ಅಂಟಿಕೊಂಡಿರುತ್ತದೆ. ಫಾರ್ಮಲಿನ್‌ನಲ್ಲಿ ನೆನೆದ ಮಾಂಸ ಕೊಳೆಯುವುದಿಲ್ಲ, ಆದರೆ ಅದರೊಳಗಿನ ಪ್ರೋಟೀನುಗಳು ಮುದುಡಿಕೊಂಡು ಕೂತಿರುತ್ತವೆ. ಹಬೆಯಲ್ಲಿ ಬೆಂದ ಮೇಲೆ ಸ್ವಲ್ಪ ಸಡಿಲಾಗಿ ಮುಖ ತೋರಿಸುತ್ತವೆ. ಆಗ ಅವುಗಳ ಮೇಲೆ ಆಂಟಿಬಾಡಿಯ ಒಂದು ಹನಿ ಬಿಡುತ್ತೇನೆ.

ಆ ಹನಿ ನೋಡಲು ನೀರಿನಂತೆಯೇ ಇರುತ್ತದೆ. ಮೊಲದ ಇಲ್ಲವೆ ಇಲಿಯ ರಕ್ತದಿಂದ ಹುಟ್ಟಿದ್ದು. ಒಂದು ಆಂಟಿಬಾಡಿಗೆ ಒಂದೇ ಒಂದು ಪ್ರೋಟೀನಿನ ಗುರುತು. ಚೂರಿನಲ್ಲಿರುವ ಸಾವಿರಾರು ಪ್ರೋಟೀನುಗಳಲ್ಲಿ ತನ್ನದನ್ನು ಮಾತ್ರ ಹುಡುಕಿ ಹಿಡಿದುಕೊಂಡು ಕೂತುಬಿಡುತ್ತದೆ. ಆಮೇಲೆ ಹಾಕುವ ಬಣ್ಣ ಅದು ಕೂತ ಕಡೆ ಮಾತ್ರ ಕಂದಾಗುತ್ತದೆ. ಕಂದು ಕಂಡರೆ ಆ ಪ್ರೋಟೀನು ಇದೆ, ಕಾಣದಿದ್ದರೆ ಇಲ್ಲ. ನನ್ನ ಇಡೀ ವಿದ್ಯೆ ಇಷ್ಟೇ, ಇದಕ್ಕಿಂತ ಹೆಚ್ಚು ಗೊತ್ತಿರುವವಳಂತೆ ಯಾರ ಮುಂದೂ ನಾನು ನಟಿಸಿಲ್ಲ. ಆದರೂ ನಮ್ಮ ಕಡೆ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಎಲೆ ಸರಿಸಿ ಮೊಣಕಾಲು ತೋರಿಸುತ್ತಾರೆ.

ನಮ್ಮ ಮೇಡಂ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಇಂಥದ್ದೆಂದು ಬರೆಯುವ ಡಾಕ್ಟರು, ಕ್ಯಾನ್ಸರ್ ಹ್ಯಾಗೆ ಹರಡುತ್ತದೆ ಎಂಬುದರ ಮೇಲೆ ಒಂದು ಅಧ್ಯಯನ ಮಾಡುತ್ತಿದ್ದಾರೆ. ಜೀವಕೋಶಗಳನ್ನು ಒಂದಕ್ಕೊಂದು ಕೈ ಹಿಡಿಸಿ ನಿಲ್ಲಿಸುವ ಪ್ರೋಟೀನೊಂದಿದೆ, ಕ್ಯಾಡ್ಹೆರಿನ್ ಎಂದು ಅದರ ಹೆಸರು. ಅದು ಇರುವ ತನಕ ಜೀವಕೋಶ ತನ್ನ ಓಣಿ ಬಿಟ್ಟು ಹೋಗುವುದಿಲ್ಲ. ಅದು ಕಡಿಮೆಯಾಯಿತೆಂದರೆ ಕೈ ಬಿಡಿಸಿಕೊಂಡು ರಕ್ತದಲ್ಲಿ ಇಳಿದು ಎಲುಬಿಗೆ, ಪುಪ್ಪಸಕ್ಕೆ ಹೋಗಿ ಸಂಸಾರ ಹೂಡುತ್ತದೆ. ಅಧ್ಯಯನಕ್ಕೆ ಬೇಕಾದ ಪಟ್ಟಿಗಳಿಗೆ ಬಣ್ಣ ಹಾಕುವವಳು ನಾನು. ದಿನವೂ ಕೈ ಬಿಟ್ಟವರನ್ನೂ ಬಿಡದವರನ್ನೂ ನೋಡುತ್ತ ನನಗೆ ಅದೊಂದು ರೂಢಿಯ ಕೆಲಸವಾಗಿಬಿಟ್ಟಿತ್ತು. ನನ್ನ ಸೋದರತ್ತೆಗೆ ಗಡ್ಡೆ ಬರುವ ತನಕ ಹಾಗೇ ಇತ್ತು.

ಅತ್ತೆ ಔರಾದಿನವಳು, ನನ್ನ ಅಪ್ಪನ ತಂಗಿ. ಅವಳ ಗಂಡ, ನನ್ನ ಮಾಮಾನದು ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ. ಸಂತಪುರದ ದಾರಿಯಲ್ಲಿ ಸ್ವಲ್ಪ ಹೊಲವೂ ಇದೆ. ಮಕ್ಕಳಿಲ್ಲ. ಮಾಮಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸದೆ ಅಂಗಡಿಯ ಬಾಗಿಲು ತೆಗೆದವರಲ್ಲ. ಗಿರಾಕಿಗಳು ಹೊರಗೆ ನಿಂತು ಬೈದುಕೊಂಡರೂ ಅವಸರ ಮಾಡುವವರಲ್ಲ. ಅತ್ತೆ ಇದಕ್ಕೆ ಪೂರ್ತಿ ಉಲ್ಟಾ. ಬಾಯಿ ಜೋರು, ನಗು ಇನ್ನೂ ಜೋರು. ಗಂಡ ಕಣ್ಣು ಮುಚ್ಚಿ ಕೂತಾಗ ಹಿಂದಿನ ಬಾಗಿಲಿನಿಂದ ಸಕ್ಕರೆ ಕಟ್ಟಿ ಕೊಟ್ಟು ವ್ಯಾಪಾರ ಉಳಿಸಿದವಳು ಅವಳೇ.

ಭಾಲ್ಕಿಯಲ್ಲಿ ಮಾಮಾನಿಗೆ ಪರಿಚಯದ ಒಬ್ಬ ಡಾಕ್ಟರಿದ್ದರು. ಸೂಜಿ ಹಾಕಿ ನೋಡಿ ಕ್ಯಾನ್ಸರ್ ಎಂದರು, ಒಂದು ಮೊಲೆ ಪೂರ್ತಿ ತೆಗೆಯಬೇಕು ಎಂದರು. ಬೀದರಿಗೆ ಬನ್ನಿ ಎಂದು ನಾನು ಫೋನಿನಲ್ಲಿ ಬಡಕೊಂಡೆ. ಭಾಲ್ಕಿಯವರ ಕೈಗುಣ ಚಲೋ ಅದ ಎಂದು ಮಾಮಾ ಅಲ್ಲೇ ಮಾಡಿಸಿದರು. ಆಗಲಿ, ತೆಗೆದ ಮಾಂಸವನ್ನು ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ, ಅದನ್ನು ಸೀದಾ ನನ್ನ ಕಡೆ ತನ್ನಿ, ಮುಂದಿನ ಇಲಾಜು ಅದರ ಮೇಲೆಯೇ ನಿಂತಿದೆ ಎಂದು ಹೇಳಿದೆ. ಸಣ್ಣ ಊರುಗಳಲ್ಲಿ ಬಾಟಲಿಯನ್ನು ಮನೆಯವರ ಕೈಯಲ್ಲೇ ಕೊಟ್ಟು ಕಳಿಸುವುದು ವಾಡಿಕೆ. ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಬಂದ ಎಷ್ಟೋ ಗಡ್ಡೆಗಳನ್ನು ನಾನು ಇಳಿಸಿಕೊಂಡಿದ್ದೇನೆ.

ವಾರವಾದರೂ ಮಾಮಾ ಬರಲಿಲ್ಲ. ಫೋನು ಮಾಡಿದರೆ, ಅಕಿ ಆರಾಮದಾಳ, ಬರ್ತೇನಿ, ಬರ್ತೇನಿ ಎಂಬ ಉತ್ತರ. ಕೊನೆಗೊಂದು ಬೆಳಿಗ್ಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಅದರಿಂದ ಹೊಸ ಹೆಸರುಬೇಳೆ ತೆಗೆದರು, ಅತ್ತೆ ಕಳಿಸಿದ ಶೇಂಗಾ ಹಿಂಡಿ ತೆಗೆದರು, ಭಾಲ್ಕಿ ಡಾಕ್ಟರ ಚೀಟಿ ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಬಾಟಲಿ ಎಲ್ಲಿ ಎಂದು ಕೇಳಿದೆ.

"ಅದಕ್ಕ ಮಣ್ಣ ಕೊಟ್ಟೀನವ್ವ," ಎಂದರು. "ಹೊಲದಾಗ, ನಮ್ಮ ಅವ್ವನ ಬಾಜೂಕ. ವಿಭೂತಿ ಹಚ್ಚಿ, ಪತ್ರಿ ಏರ್ಸಿ, ಎಲ್ಲಾ ಬರೊಬ್ಬರಿ ಮಾಡೀನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ನಿಧಾನವಾಗಿ, ಅಂಗಡಿಯಲ್ಲಿ ಲೆಕ್ಕ ಒಪ್ಪಿಸುವ ದನಿಯಲ್ಲಿ ಬಿಡಿಸಿ ಹೇಳಿದರು. ಇದನ್ನು ನೋಡಿದ ಮೇಲೆ ಏನು ಮಾಡುತ್ತಾರೆ ಎಂದು ಭಾಲ್ಕಿ ದವಾಖಾನೆಯ ಕೆಲಸದವಳನ್ನು ಕೇಳಿದ್ದರಂತೆ. ಉಳಿದದ್ದನ್ನು ಹಳದಿ ಚೀಲದಲ್ಲಿ ಹಾಕಿ ಸುಡಲು ಕಳಿಸುತ್ತಾರೆ ಎಂದಳಂತೆ. ಸುಡುವುದು ನಮ್ಮಲ್ಲಿಲ್ಲ. ನಮ್ಮವರು ಮಣ್ಣಿಗೆ ಹೋಗುವವರು, ಇಡಿಯಾಗಿ, ಕೂತ ಭಂಗಿಯಲ್ಲಿ. ಅವಳ ಮೈಯ ಒಂದು ಪಾಲು ಬೂದಿಯಾಗಿ ಎಲ್ಲೋ ಹೋಗಿ, ಇನ್ನೊಂದು ಪಾಲು ಮಣ್ಣಿಗೆ ಹೋದರೆ ಹ್ಯಾಗೆ ಎಂಬುದು ಅವರ ಕಳವಳ. ರೋಗ ಯಾವುದೆಂದು ಡಾಕ್ಟರು ಆಗಲೇ ಹೇಳಿದ್ದಾರೆ, ಕೊಯ್ದು ತೆಗೆದೂ ಆಗಿದೆ, ಇನ್ನು ಅದರಲ್ಲಿ ನೋಡುವುದೇನು ಎಂದುಕೊಂಡಿದ್ದರು. ಬಾಟಲಿಯ ನೀರು ಕಣ್ಣುರಿಸುತ್ತಿತ್ತಂತೆ. ಬಾಟಲಿ ಕೊಟ್ಟ ದಿನವೇ ಅದನ್ನು ಚೆಲ್ಲಿ, ಗಡ್ಡೆಯನ್ನು ಬಾವಿ ನೀರಿನಿಂದ ತೊಳೆದು, ತಮ್ಮ ಮಡಿ ಧೋತರದ ತುಂಡಿನಲ್ಲಿ ಸುತ್ತಿ ಹೂಳಿದ್ದರು. ಮುಂದೆ ಅವಳೂ ಅಲ್ಲೇ ಬರುತ್ತಾಳಲ್ಲ ಎಂದರು.

ನನಗೆ ಬಂದ ಸಿಟ್ಟು ಹೇಳಲಾರೆ. ಯಾರ ಮೇಲೆ ಮಾಡಲಿ? ಪ್ರೀತಿಯಿಂದ ಮಾಡಿದವರ ಮೇಲೆ ಸಿಟ್ಟು ಮಾಡಲು ಬೇರೆ ಗಟ್ಟಿ ಮನಸ್ಸು ಬೇಕು, ಅದು ನನಗಿಲ್ಲ. ಮೇಡಂ ಹತ್ತಿರ ಓಡಿದೆ. ಅವರು ಭಾಲ್ಕಿಯಿಂದ ಮೊದಲೇ ತರಿಸಿದ್ದ ಸೂಜಿಯ ಪಟ್ಟಿಗಳನ್ನು ತೆಗೆದು ನೋಡಿದರು. ಕ್ಯಾನ್ಸರ್ ಹೌದು ಎನ್ನಲು ಸಾಕಾಗುವಷ್ಟು ಜೀವಕೋಶ ಇದ್ದವು, ಮುಂದಿನ ಪರೀಕ್ಷೆಗೆ ಸಾಲುತ್ತಿರಲಿಲ್ಲ.

ಮುಂದಿನ ಪರೀಕ್ಷೆ ಎಂದರೆ ಇದು. ಮೊಲೆಯ ಕ್ಯಾನ್ಸರಿನಲ್ಲಿ ಕೆಲವರ ಜೀವಕೋಶಗಳು ಹಾರ್ಮೋನಿಗೆ ಬಾಯಿ ತೆರೆಯುವ ಪ್ರೋಟೀನು ಇಟ್ಟುಕೊಂಡಿರುತ್ತವೆ. ಅಂಥವರಿಗೆ ದಿನಕ್ಕೊಂದು ಮಾತ್ರೆ ಕೆಲಸ ಮಾಡುತ್ತದೆ. ಇನ್ನು ಕೆಲವರ ಜೀವಕೋಶಗಳ ಮೈತುಂಬ ಹರ್-ಟು ಎಂಬ ಬೇರೊಂದು ಪ್ರೋಟೀನು ಇರುತ್ತದೆ. ಬೇಗ ಬೆಳೆಯುವ, ಬೇಗ ಹರಡುವ ಜಾತಿ ಅದು. ಆದರೆ ಅದನ್ನು ಹಿಡಿಯುವ ಆಂಟಿಬಾಡಿಯನ್ನೇ ಔಷಧವಾಗಿ ಮಾಡಿದ್ದಾರೆ, ಸಲಾಯಿನ್ ಹಚ್ಚಿದ ಹಾಗೆ ರಕ್ತಕ್ಕೆ ಹಚ್ಚುತ್ತಾರೆ. ಮೊದಲಿಗೇ ಹಚ್ಚಿದರೆ ಎಷ್ಟೋ ಜನರಿಗೆ ರೋಗ ತಿರುಗಿ ಬರುವುದಿಲ್ಲ. ಅತ್ತೆಯದು ಯಾವ ಜಾತಿ ಎಂದು ಹೇಳಬೇಕಾದ ಮಾಂಸ ಹೊಲದಲ್ಲಿತ್ತು.

ಅದೇ ಮಧ್ಯಾಹ್ನ ಫಾರ್ಮಲಿನ್ ತುಂಬಿದ ಬಾಟಲಿ ಹಿಡಿದು ಮಾಮಾನ ಜೊತೆ ಔರಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರಿಗೆ ಕುಕ್ಕರು, ಗಾಜು, ಕಂದು ಬಣ್ಣ ಎಲ್ಲ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು. ಮನೆಗೆ ಬಂದ ಮೇಲೆ ಮಾತ್ರ, ಮಣ್ಣಿಗೆ ಕೊಟ್ಟದ್ದನ್ನು ತಿರುಗಿ ಕೇಳುವುದು ನನ್ನಿಂದ ಆಗದು, ಹೊಲ ನಿನ್ನದೇ ಅನ್ನು, ಸನಿಕೆ ಅಲ್ಲಿದೆ ಎಂದುಬಿಟ್ಟರು. ಅತ್ತೆ ಒಳಕೋಣೆಯಲ್ಲಿ ತೋಳಿನ ಕೆಳಗೆ ದಿಂಬಿಟ್ಟುಕೊಂಡು ಮಲಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಂದೇ ಅದಲ್ರಿ ಅದು," ಎಂದು ಒಳಗಿನಿಂದಲೇ ಅಂದಳು. "ನಾ ಹೇಳ್ತೇನಿ, ತೆಗೀರಿ."

ಮಾಮಾ ತಾವೇ ಸನಿಕೆ ಹಿಡಿದು ನಡೆದರು. ಅವರ ತಾಯಿಯ ಸಮಾಧಿಯ ಪಕ್ಕದಲ್ಲಿ ಮೊಳದಷ್ಟು ಜಾಗ ಸಾರಿಸಿ ಮೇಲೆ ಕಲ್ಲಿಟ್ಟಿದ್ದರು. ಎರಡು ಸಲ ಒಳ್ಳೆ ಮಳೆ ಬಿದ್ದು ಕರಿ ಮಣ್ಣು ಹದವಾಗಿತ್ತು, ಸನಿಕೆ ಸಲೀಸಾಗಿ ಇಳಿಯಿತು. ಧೋತರದ ಗಂಟು ಬರುತ್ತಲೇ ವಾಸನೆಯೂ ಬಂತು. ವಾಸನೆಯಲ್ಲೇ ನನಗೆ ಎಲ್ಲ ತಿಳಿದುಹೋಯಿತು. ಬಾಟಲಿಯಲ್ಲಿದ್ದ ಒಂದೆರಡು ತಾಸಿಗೆ ಫಾರ್ಮಲಿನ್ ಒಳಗಿನ ತನಕ ಇಳಿದಿರುವುದಿಲ್ಲ, ಆಮೇಲಿನದು ಮಣ್ಣಿನ ಪಾಲು. ಮಣ್ಣು ತನ್ನ ಕೆಲಸ ಮಾಡಿತ್ತು. ಆದರೂ ಮಾಮಾನ ಎದುರಿಗೆ ಅದನ್ನು ಗಂಭೀರವಾಗಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ. ಬಿಲ್ವಪತ್ರೆಯ ಒಂದು ಎಸಳು ಅಂಟಿಕೊಂಡಿತ್ತು. ಮಾಮಾ ಅದನ್ನು ಬಿಡಿಸಿ ಗುಂಡಿಗೆ ಹಾಕಿ ಮಣ್ಣು ಎಳೆದರು.

ಇದಕ್ಕೆ ಬಣ್ಣ ಹಾಕಿದರೆ ಆಂಟಿಬಾಡಿ ವ್ಯರ್ಥ ಎಂದರು ಮೇಡಂ. ಹಾಕುತ್ತೇನೆ ಎಂದೆ. ಅವರು ನನ್ನ ಮುಖ ನೋಡಿ ಆಯಿತು ಅಂದರು. ಕೊಯ್ದೆ, ಕುಕ್ಕರಿನಲ್ಲಿ ಬೇಯಿಸಿದೆ, ಹನಿ ಬಿಟ್ಟೆ. ಪ್ರತಿ ಸಲ ಪಕ್ಕದಲ್ಲೊಂದು ಗೊತ್ತಿರುವ ಚೂರನ್ನು ಇಟ್ಟಿರುತ್ತೇವೆ, ಅದು ಕಂದಾಗಲೇಬೇಕು. ಅದು ಕಂದಾಯಿತು. ಅತ್ತೆಯದರಲ್ಲಿ ಹರ್-ಟು ಇಲ್ಲ, ಹಾರ್ಮೋನಿನದು ಇಲ್ಲ, ಏನೂ ಇಲ್ಲ, ಬರೀ ಹಿನ್ನೆಲೆಯ ಬಣ್ಣದ ಮಸುಕು ನೀಲಿ. ಕೊನೆಗೆ ಕೈ ಹಿಡಿಸುವ ಆ ಕ್ಯಾಡ್ಹೆರಿನ್‌ಗೆ ಹಾಕಿದೆ. ಕ್ಯಾನ್ಸರಿನ ಜೀವಕೋಶಗಳಲ್ಲಿ ಅದು ಕಾಣಲಿಲ್ಲ. ಆದರೆ ಅಂಚಿನಲ್ಲಿ ಉಳಿದಿದ್ದ ಅತ್ತೆಯ ನಿರೋಗಿ ಹಾಲಿನ ನಾಳದಲ್ಲೂ ಕಾಣಲಿಲ್ಲ. ಅಲ್ಲಿ ಅದು ಇರಲೇಬೇಕಾದದ್ದು, ಪ್ರತಿಯೊಬ್ಬ ಹೆಂಗಸಿನಲ್ಲೂ ಇರುತ್ತದೆ. ಇಲ್ಲ ಎಂದರೆ ಆ ಮಾಂಸ ಇನ್ನು ಯಾವುದಕ್ಕೂ ಸಾಕ್ಷಿ ಹೇಳಲಾರದು ಎಂದೇ ಅರ್ಥ. ರೋಗ ಕೈ ಬಿಡಿಸಿಕೊಂಡು ಹೊರಟಿತೋ, ಮಣ್ಣು ತಿಂದಿತೋ, ಹೇಳುವ ದಾರಿಯೇ ಇರಲಿಲ್ಲ. ಪರೀಕ್ಷೆಗೆ ಯೋಗ್ಯವಲ್ಲ ಎಂದು ಮೇಡಂ ಬರೆದರು. ಹತ್ತು ವರ್ಷದ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಅವತ್ತು ನನಗೆ ಎರಡು ಕಾಸಿನ ಉಪಯೋಗಕ್ಕೂ ಬಾರಲಿಲ್ಲ.

ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ವರದಿ ಇಲ್ಲದ್ದಕ್ಕೆ ಬೇಸರ ಮಾಡಿಕೊಂಡರು. ಎಲ್ಲರಿಗೂ ಕೊಡುವ ಕೀಮೋ ಕೊಟ್ಟರು. ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಬಹುದು, ಇರಲಿ ಎಂದು ಬರೆದರು. ಆಂಟಿಬಾಡಿಯ ಔಷಧವನ್ನು ಅಂದಾಜಿನ ಮೇಲೆ ಕೊಡಲು ಬರುವುದಿಲ್ಲ, ಅದು ಹೃದಯಕ್ಕೆ ಹೊಡೆತ ಹಾಕಬಹುದು, ಪ್ರೋಟೀನು ಇರುವ ರುಜುವಾತು ಬೇಕು ಎಂದರು. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತು ತಲೆ ಆಡಿಸಿದೆ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ಕೀಮೋಕ್ಕೆ ಹೋಗಿ ಬರುವಾಗ ಅತ್ತೆ ಬೀದರಿನಲ್ಲಿ ನಮ್ಮ ಮನೆಯಲ್ಲಿ ಇಳಿಯುತ್ತಿದ್ದಳು. ಒಂದು ಸಲ ಪ್ರಯೋಗಾಲಯಕ್ಕೂ ಬಂದಳು. ಕುಕ್ಕರು ನೋಡಿ ನಕ್ಕು ಸುಸ್ತಾದಳು. ಫ್ರಿಜ್ಜಿನಲ್ಲಿದ್ದ ಆಂಟಿಬಾಡಿಯ ಪುಟ್ಟ ಸೀಸೆಗಳನ್ನು ತೋರಿಸಿದೆ. ಇದು ಹುಡುಕಿಕೊಂಡು ಹೋಗಿ ಹಿಡಿಯುತ್ತದೆ ಎಂದು ಹೇಳಿದೆ. ಅವಳು ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಗಾಜಿನ ಮ್ಯಾಲ ಹಿಡೀತದಂದ್ರ ಮೈಯಾಗ ಯಾಕ ಹಿಡೀಬಾರದು? ನನಗೂ ಜರಾ ಹಚ್ಚಿ ನೋಡು."

ಇದು ಸತ್ತ ಜೀವಕೋಶವನ್ನು ತೋರಿಸುವುದು ಮಾತ್ರ ಅತ್ತಿ, ಹಿಡಿದು ಕೂತರೂ ಏನೂ ಮಾಡುವುದಿಲ್ಲ ಎಂದೆ. ಮೈಯಲ್ಲಿ ಹಿಡಿದು ಕೊಲ್ಲುವುದು ಬೇರೆ, ಅದು ನಿನಗೆ ಬೇಕೋ ಬೇಡವೋ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬ ಮಾತನ್ನು ಆ ದಿನಗಳಲ್ಲಿ ನಾನು ಎಷ್ಟು ಸಲ ಹೇಳಿದೆನೋ. ನೋಡಿ ಹಾಗೇ ಬಿಡುವ ಜಾತಿ ಅಂದರೆ ಇದೂ ನಿನ್ನಂಥದ್ದೇ ಅನ್ನು ಎಂದು ಚಾಷ್ಟಿ ಮಾಡಿ ನಕ್ಕಳು. ಅವಳು ಚಾಷ್ಟಿಗೇ ಅಂದದ್ದು. ನನಗೆ ಅದು ಈಗಲೂ ಚುಚ್ಚುತ್ತದೆ.

ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಅವಳು ಚೆನ್ನಾಗಿದ್ದಳು. ತಲೆಯಲ್ಲಿ ಕೂದಲು ಗುಂಗುರಾಗಿ ಬಂತು. ಅಂಗಡಿಯಲ್ಲಿ ಮತ್ತೆ ಕೂರಲು ಶುರು ಮಾಡಿದಳು. ಅಂದಾಜಿನ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದಳು. ನಾನು ಮಾತ್ರ ಪ್ರಯೋಗಾಲಯದಲ್ಲಿ ಹರ್-ಟು ಕಂದಾದ ಪಟ್ಟಿ ಯಾರದ್ದಾದರೂ ಬಂದರೆ, ಇದು ಅತ್ತೆಯದಾಗಿದ್ದರೆ ಎಂದುಕೊಳ್ಳುತ್ತಿದ್ದೆ. ಕಂದಾಗದ ಪಟ್ಟಿ ಬಂದರೂ ಹಾಗೇ ಎಂದುಕೊಳ್ಳುತ್ತಿದ್ದೆ. ಆಗಿದ್ದರೆ ಏನು ಎಂದು ಯೋಚಿಸುವ ಧೈರ್ಯ ಇರಲಿಲ್ಲ.

ಕಳೆದ ವರ್ಷ ಪಂಚಮಿಗೆ ಅತ್ತೆ, ಮಾಮಾ ಇಬ್ಬರೂ ಬೀದರಿಗೆ ಬಂದರು. ಅಡಿಗೆಮನೆಯಲ್ಲಿ ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಅತ್ತೆ ಬಾಗಿಲು ಮುಂದೆ ಮಾಡಿ, ನನ್ನ ಕೈ ತೊಳೆಸಿ, ಬೆರಳು ಹಿಡಿದು ತನ್ನ ಸೆರಗಿನ ಕೆಳಗೆ, ಕೊರಳ ಎಲುಬಿನ ಮೇಲೆ ಇಟ್ಟುಕೊಂಡಳು. ಗಟ್ಟಿಯಾಗಿ ಒಂದು ಗಂಟು, ಅಳ್ಳಾಡದ್ದು. ಅಲ್ಲಿಯೇ ಮಣೆಯ ಮೇಲೆ ಕೂತೆ.

"ಇದರಾಗರ ನಿನಗ ಬೇಕಾದ್ದು ಸಿಗ್ತದೇನು ನೋಡು," ಎಂದಳು. ಕಾಣಿಕೆ ತಂದವಳ ಹಾಗೆ ಅಂದಳು, ಅದೇ ನನಗೆ ತಡೆಯಲಾಗದ್ದು. ರೋಗ ಹರಡಿದ್ದಕ್ಕೇ ಈಗ ಪರೀಕ್ಷೆಗೆ ಹೊಸ ಮಾಂಸ ಸಿಕ್ಕಿತ್ತು. ಹರಡದೆ ಇದ್ದಿದ್ದರೆ ಸಿಗುತ್ತಿರಲಿಲ್ಲ. ಇಂಥ ಲೆಕ್ಕವನ್ನು ಯಾವ ದೇವರು ಹಾಕಿದನೋ ಗೊತ್ತಿಲ್ಲ, ಅವನ ಎದುರು ನಿಂತು ಕೇಳಬೇಕು ಎನ್ನಿಸಿತು.

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಹೂರಣದ ಬೋಗುಣಿಯನ್ನು ಪಕ್ಕಕ್ಕಿಟ್ಟು ನನ್ನ ಎದುರಿಗೆ ಕೂತಳು.

"ಒಂದ್ ಮಾತು ಕೇಳು. ಅದರಾಗ ಏನರ ಇರಲಿ. ಮೊದಲ ಗೊತ್ತಾಗಿದ್ರ ಉಳೀತಿದ್ಲು ಅಂತ ನಿಮ್ಮ ಮಾಮಾಗ ಹೇಳಬ್ಯಾಡ. ಕೇಳಿದ್ರ, ಅದು ಬ್ಯಾರೆ ಇರ್ತದ, ಇದು ಬ್ಯಾರೆ ಇರ್ತದ, ಯಾರಿಗೂ ಹೇಳ್ಲಿಕ್ಕೆ ಬರೂದಿಲ್ಲ ಅನ್ನು. ನಾ ಹೋದ ಮ್ಯಾಲ ಅವರು ಬಾಳ ದಿನ ಬದುಕಬೇಕಾಗ್ಯಾದ."

ಹೇಳುವುದಿಲ್ಲ ಎಂದೆ. ಆಣೆ ಮಾಡು ಎನ್ನಲಿಲ್ಲ ಅವಳು. ಹೂರಣ ರುಬ್ಬಲು ತಾನೇ ಕೂತಳು.

ಮರುದಿನವೇ ನಮ್ಮಲ್ಲಿ ದಪ್ಪ ಸೂಜಿ ಹಾಕಿ ಗಂಟಿನಿಂದ ಮಾಂಸದ ಎಳೆ ತೆಗೆದರು. ಅದು ಅವಳ ಮೈಯಿಂದ ಸೀದಾ ನನ್ನ ಕೈಯ ಬಾಟಲಿಗೆ ಬಿತ್ತು. ಎಷ್ಟು ಹೊತ್ತು ನೆನೆಯಬೇಕೋ ಅಷ್ಟೇ ಹೊತ್ತು ನೆನೆಸಿದೆ. ಮೇಣದಲ್ಲಿ ಹುದುಗಿಸಿ ಕೊಯ್ದೆ, ಬೇಯಿಸಿದೆ, ಹನಿ ಬಿಟ್ಟೆ, ಕಾದೆ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಪಟ್ಟಿ ಮಾಡಿಲ್ಲ. ಹಾರ್ಮೋನಿನದು ಇರಲಿಲ್ಲ, ಅಂದರೆ ಇಷ್ಟು ದಿನ ನುಂಗಿದ ಮಾತ್ರೆ ಸುಮ್ಮನೆ. ಹರ್-ಟು ಮಾತ್ರ ಪ್ರತಿಯೊಂದು ಜೀವಕೋಶದ ಸುತ್ತಲೂ ದಪ್ಪಗೆ, ಕಡು ಕಂದಾಗಿ, ಒಂದನ್ನೂ ಬಿಡದೆ ಗೆರೆ ಕೊರೆದಿತ್ತು. ವಿದ್ಯಾರ್ಥಿಗಳಿಗೆ ತೋರಿಸಲು ಇಡುವಂಥ ಪಟ್ಟಿ. ಮೇಡಂ ಬಹಳ ಹೊತ್ತು ನೋಡಿದರು, ನನ್ನ ಬೆನ್ನ ಮೇಲೆ ಕೈ ಇಟ್ಟು ವರದಿ ಬರೆಯಲು ಹೋದರು. ಔಷಧ ಈಗಲೂ ಇದೆ. ಹಚ್ಚಿದರೆ ರೋಗ ಕೆಲ ಕಾಲ ತಡೆದು ನಿಲ್ಲುತ್ತದೆ, ವರ್ಷಗಳೂ ನಿಲ್ಲಬಹುದು. ಆದರೆ ಎಲುಬಿನಲ್ಲೂ ಚುಕ್ಕೆಗಳಿವೆ ಎಂದು ಸ್ಕ್ಯಾನಿನಲ್ಲಿ ಬಂದಿತ್ತು. ಪೂರ್ತಿ ಹೋಗುವ ಕಾಲ ದಾಟಿತ್ತು.

ಮಾಮಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅತ್ತೆಯನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಬಂದಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು ಎಂದೆ. ಔಷಧ ಇದೆಯೇ ಎಂದರು. ಇದೆ, ಹೈದರಾಬಾದಿಗೆ ಹೋಗೋಣ, ಆ ಆಂಟಿಬಾಡಿಯನ್ನೇ ಹಚ್ಚುತ್ತಾರೆ, ಗುಣ ಬರುತ್ತದೆ ಎಂದೆ. ಚೆನ್ನಾಗಿಯೇ ಹೇಳುತ್ತಿದ್ದೆ, ದನಿ ಕೂಡ ನಡುಗಲಿಲ್ಲ. ಅವರು ವರದಿಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಆ ಮೊದಲಿನದ್ರಾಗೂ ಇದೇ ಇತ್ತೇನವ್ವ?"

"ಗೊತ್ತಾಗೂದಿಲ್ರಿ ಮಾಮಾ," ಎಂದೆ. "ಅದು ಬ್ಯಾರೆ ಇರ್ತದ, ಇದು ಬ್ಯಾರೆ ಇರ್ತದ. ಯಾರಿಗೂ ಹೇಳ್ಲಿಕ್ಕೆ ಬರೂದಿಲ್ಲ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ತನಕ ಅವರು ಹಾಗೇ ನೋಡುತ್ತಾರೆ.

"ನಿನ್ನಿ ನಿಮ್ಮ ಅತ್ತೀನೂ ಹಿಂಗೇ ಅಂದ್ಲು," ಎಂದರು. "ಇದೇ ಮಾತು, ಒಂದ್ ಅಕ್ಷರ ಬಿಡದೆ. ಇಬ್ಬರೂ ಕೂಡಿ ಹೇಳ್ಲಿಕ್ಕತ್ತೀರಿ ಅಂದ್ರ, ಇತ್ತು ಅಂತ ತಿಳೀತು ನನಗ."

ಅವರು ಬೆಂಚಿನ ಮೇಲಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡರು. ನನಗೆ ತಿಳೀತು ಅಂತ ಅಕಿಗೆ ಹೇಳಬ್ಯಾಡವ್ವ ಎಂದು ಮೆಲ್ಲಗೆ ಅಂದು, ಮೆಟ್ಟಿಲು ಇಳಿದು ಹೋದರು.